ಅಲಂಕಾರದ ಬೆಳಕಿಗೂ ಒಂದು ಅಳತೆ ಬೇಕು

ಮಾನ್ಯ ಸಂಪಾದಕರೇ,

ಮೈಸೂರಿನ ವಾಣಿಜ್ಯ ಕಟ್ಟಡಗಳ ಮುಂಗೋಡೆಗೆ ಹಾಕುತ್ತಿರುವ ಅಲಂಕಾರಿಕ ದೀಪಗಳ ಪ್ರಖರತೆಗೂ ಅವು ರಾತ್ರಿ ಉರಿಯಬಹುದಾದ ಅವಧಿಗೂ ಮಹಾನಗರ ಪಾಲಿಕೆಯು ಉಪವಿಧಿಯ (ಬೈಲಾ) ಮೂಲಕ ಮಿತಿ ಗೊತ್ತುಪಡಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ದೀಪಾಲಂಕಾರವೇ ಬೇಡವೆಂದು ಹೇಳುವವನು ನಾನಲ್ಲ. ಇದೇ ಊರಿನಲ್ಲಿ ಹುಟ್ಟಿ, ಅಪ್ಪನ ಹೆಗಲ ಮೇಲೆ ಕುಳಿತು ದಸರಾ ದೀಪ ನೋಡಿದವನು; ಮುಂದೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು, ಬೆಳಕಿನ ಪಾಠ ಬಂದಾಗಲೆಲ್ಲ ಅರಮನೆಯ ದೀಪಗಳನ್ನೇ ಉದಾಹರಣೆಗೆ ತಂದವನು.

ನಮ್ಮದು ಮುಖ್ಯರಸ್ತೆಗೆ ಸೇರುವ ಅಡ್ಡರಸ್ತೆಯ ಮೊದಲ ಮನೆ. ಒಂದೂವರೆ ವರ್ಷದ ಹಿಂದೆ ಎದುರು ಮೂಲೆಯಲ್ಲಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣವೊಂದು ಎದ್ದಿತು. ಅದರ ಮುಂಗೋಡೆಗೂ ನಮ್ಮ ಕಡೆಗಿರುವ ಪಕ್ಕದ ಗೋಡೆಗೂ ಮೇಲಿನಿಂದ ಕೆಳಗಿನವರೆಗೆ ಎಲ್‌ಇಡಿ ಪಟ್ಟಿಗಳನ್ನು ಎಳೆದಿದ್ದಾರೆ. ಮಧ್ಯದಲ್ಲಿ ದೊಡ್ಡದೊಂದು ಎಲ್‌ಇಡಿ ಪರದೆ. ಅಂಗಡಿಗಳ ಶಟರ್ ರಾತ್ರಿ ಒಂಬತ್ತೂವರೆಗೆ ಇಳಿಯುತ್ತದೆ, ಗೋಡೆಯ ಮೇಲಿನ ದೀಪಗಳು ಮಾತ್ರ ಬೆಳಗಿನ ಜಾವದವರೆಗೆ ಬಣ್ಣ ಬದಲಿಸುತ್ತಲೇ ಇರುತ್ತವೆ. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಮಲಗುವ ಕೋಣೆ ಆ ದಿಕ್ಕಿಗೇ ಇದೆ, ಮನೆಯಲ್ಲಿ ಅವರಿಗೆ ಬೇರೆ ಕೋಣೆ ಇಲ್ಲ. ಕಿಟಕಿಗೆ ದಪ್ಪ ಪರದೆ ಹಾಕಿಸಿದೆವು. ಪರದೆಯ ಮೇಲಿರುವ ವೆಂಟಿಲೇಟರ್ ಗಾಜಿಗೆ ಹಳೆಯ ಕ್ಯಾಲೆಂಡರಿನ ರಟ್ಟು ಅಂಟಿಸಿದೆವು. ಆದರೂ ರಟ್ಟಿನ ಅಂಚಿನಲ್ಲಿ ಬೆರಳಗಲದ ಸಂದಿ ಉಳಿದಿದೆ, ಆ ಸಂದಿಯಿಂದ ಬಂದ ಗೀರು ಎದುರು ಗೋಡೆಯ ಮೇಲೆ ಒಮ್ಮೆ ನೇರಳೆ, ಒಮ್ಮೆ ಹಸಿರು, ಒಮ್ಮೆ ಬೆಳ್ಳಗೆ ಬೀಳುತ್ತದೆ. ಪರದೆ ಸರಿಸಿದರೆ ದೀಪ ಹಾಕದೆಯೇ ಹಾಸಿಗೆಯ ಮೇಲೆ ಕುಳಿತು ನಿಮ್ಮ ಪತ್ರಿಕೆಯ ತಲೆಬರಹ ಓದಬಹುದು. ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಕುಳಿತು, ‘ಬೆಳಗಾಯ್ತೇನೋ? ಹಾಲು ಬಂತಾ?’ ಎಂದು ಕೇಳುತ್ತಾರೆ. ಇನ್ನೂ ಕತ್ತಲಿದೆ, ಮಲಗಮ್ಮ ಎಂದರೆ ಗೋಡೆಯ ಕಡೆ ನೋಡಿ ಸುಮ್ಮನಾಗುತ್ತಾರೆ.

ಅವರ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದರಲ್ಲಿ ಪೊರೆ ಇದೆ. ಪೊರೆ ಬಂದ ಮಸೂರದೊಳಗೆ ಬೆಳಕು ನೇರವಾಗಿ ಹಾಯದೆ ಚದುರುವುದರಿಂದ, ನಮ್ಮ ಕಣ್ಣಿಗೆ ಚುಕ್ಕೆಯಾಗಿ ಕಾಣುವ ದೀಪ ಅವರ ಕಣ್ಣಿಗೆ ಮುಖದ ತುಂಬ ಹರಡಿದ ಹೊಳಪಾಗಿ ಕಾಣುತ್ತದೆ. ವಯಸ್ಸಾದವರ ಮಾತು ಇದಾದರೆ, ಚಿಕ್ಕವರ ನಿದ್ದೆಗೂ ಇದರಿಂದ ತೊಂದರೆಯೇ. ಕಣ್ಣಿನ ಅಕ್ಷಿಪಟಲದಲ್ಲಿ ನೋಟಕ್ಕೆ ಬೇಕಾದ ಕೋಶಗಳಲ್ಲದೆ, ಹಗಲೋ ರಾತ್ರಿಯೋ ಎಂಬುದನ್ನು ಮಿದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ. ಅವು 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಆ ಬೆಳಕು ಬಿದ್ದಷ್ಟು ಹೊತ್ತು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಸ್ರವಿಸುವುದು ತಗ್ಗುತ್ತದೆ. ಬೆಳ್ಳನೆಯ ಎಲ್‌ಇಡಿಯಲ್ಲಿ ನೀಲಿಯ ಅಂಶವೇ ಹೆಚ್ಚು. ಅಮೆರಿಕದ ವೈದ್ಯಕೀಯ ಸಂಘವು 2016ರಲ್ಲಿ ಬೀದಿದೀಪಗಳ ವರ್ಣತಾಪ 3000 ಕೆಲ್ವಿನ್ ಮೀರದಿರಲಿ, ಅಂದರೆ ಬೆಳಕು ಅರಿಶಿನ ಛಾಯೆಯದಾಗಿರಲಿ ಎಂದು ಸಲಹೆ ಮಾಡಿದ್ದು ಈ ಕಾರಣಕ್ಕೂ ಹೌದು. ರಸ್ತೆ ತೋರಿಸುವ ದೀಪಕ್ಕೇ ಇಷ್ಟು ಎಚ್ಚರಿಕೆ ಬೇಕಾಗಿರುವಾಗ, ಯಾರಿಗೂ ದಾರಿ ತೋರಿಸದ ದೀಪಕ್ಕೆ ಯಾವ ಎಚ್ಚರಿಕೆಯೂ ಬೇಡವೇ?

ನಮ್ಮ ಅರಮನೆಯನ್ನೇ ನೋಡಿ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿದಾಗ ಎದುರಿಗೆ ನಿಂತ ಮಗುವೂ ಕಣ್ಣು ಮುಚ್ಚುವುದಿಲ್ಲ, ಅಜ್ಜಿಯೂ ಮುಖ ತಿರುಗಿಸುವುದಿಲ್ಲ. ಒಂದೊಂದು ಬಲ್ಬೂ ಸಣ್ಣದು, ತಂತಿ ಕಾದು ಕೊಡುವ ಅದರ ಬೆಳಕು ಹಳದಿ. ಕಮಾನು, ಗೋಪುರ, ಕಂಬಗಳ ಗೆರೆಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಕತ್ತಲೆಗೆ ಬಿಟ್ಟಿರುವುದರಿಂದಲೇ ಕಟ್ಟಡ ಅಷ್ಟು ಚೆನ್ನಾಗಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಆ ದೀಪಗಳಿಗೆ ಹೊತ್ತುಗೊತ್ತು ಇದೆ: ದಸರಾ ಬಿಟ್ಟರೆ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆಗಳಲ್ಲಿ ಒಂದು ಗಂಟೆಗೂ ಕಡಿಮೆ ಅವಧಿ ಉರಿದು ಆರುತ್ತವೆ. ಪರ ಊರಿನವರು ಆ ಮುಕ್ಕಾಲು ಗಂಟೆಗಾಗಿ ಕಾದು ನಿಲ್ಲುತ್ತಾರೆ. ಅಂಥ ಅರಮನೆಯ ಸುತ್ತಲಿನ ರಸ್ತೆಗಳಲ್ಲೇ ಅದಕ್ಕಿಂತ ಕಣ್ಣು ಕುಕ್ಕುವ ಗೋಡೆಗಳು ಇರುಳೆಲ್ಲ ಉರಿಯತೊಡಗಿದರೆ, ಪಾರಂಪರಿಕ ನಗರ ಎಂದು ಹೇಳಿಕೊಳ್ಳುವ ಊರಿಗೆ ಅದು ಒಪ್ಪುವ ಮಾತಲ್ಲ.

ಈ ತೊಂದರೆ ಹಿಡಿದು ನಾನು ಕಳೆದ ವರ್ಷ ಮೂರು ಕಚೇರಿಗಳ ಮೆಟ್ಟಿಲು ಹತ್ತಿದೆ. ಎಲ್ಲ ಕಡೆಯೂ ಕೂರಿಸಿ, ಸಮಾಧಾನದಿಂದಲೇ ಕೇಳಿಸಿಕೊಂಡರು. ಒಂದು ಕಡೆ, ಮಂಜೂರಾದ ವಿದ್ಯುತ್ ಹೊರೆಯ ಒಳಗೇ ಬಳಸುತ್ತಿದ್ದಾರೆ, ನಾವು ಏನೂ ಮಾಡುವಂತಿಲ್ಲ ಎಂದರು. ಇನ್ನೊಂದು ಕಡೆ, ಕಟ್ಟಡದ ನಕ್ಷೆಯಲ್ಲಿ ದೀಪದ ವಿಷಯ ಬರುವುದಿಲ್ಲ ಎಂದರು. ಮೂರನೆಯ ಕಡೆಯ ಅಧಿಕಾರಿ, ಪಾಪ, ನಿಜವಾಗಿಯೂ ನೊಂದುಕೊಂಡು, ‘ಅವರು ಮೈಕ್ ಹಾಕಿದ್ದರೆ ಈಗಲೇ ಬಂದು ನಿಲ್ಲಿಸುತ್ತಿದ್ದೆ ಸರ್, ಲೈಟಿಗೆ ಯಾವ ರೂಲ್ ತೋರಿಸಲಿ?’ ಎಂದರು. ಅವರ ಮಾತು ಅಕ್ಷರಶಃ ಸರಿ. ಧ್ವನಿವರ್ಧಕದ ವಿಷಯದಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳಿವೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45, ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55, ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂದು ಗಂಟೆಯನ್ನೂ ಬರೆದಿಟ್ಟಿದ್ದಾರೆ. 1981ರ ವಾಯು ಮಾಲಿನ್ಯ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ತಂದು ಶಬ್ದವನ್ನೂ ಮಾಲಿನ್ಯಕಾರಕಗಳ ಸಾಲಿಗೆ ಸೇರಿಸಿದ ಮೇಲೆ ಇದೆಲ್ಲ ಸಾಧ್ಯವಾಯಿತು. ಬೆಳಕಿಗೆ ಅಂಥ ನಿಯಮಾವಳಿ ದೇಶದಲ್ಲಿ ಇಲ್ಲ. ಸಾರ್ವಜನಿಕ ಉಪದ್ರವ ಎಂದು ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮುಂದೆ ಅರ್ಜಿ ಹಾಕುವ ದಾರಿಯೇನೋ ಇದೆ. ಆದರೆ ಒಂದೊಂದು ಗೋಡೆಗೆ ಒಂದೊಂದು ಮೊಕದ್ದಮೆ ಹೂಡಿ, ಎಷ್ಟು ಬೆಳಕು ಉಪದ್ರವ ಎಂಬುದನ್ನು ಪ್ರತಿಸಲವೂ ಹೊಸದಾಗಿ ವಾದಿಸುವುದು ಸಾಮಾನ್ಯ ಮನೆಯವರ ಕೈಲಾಗುವ ಕೆಲಸವಲ್ಲ.

ಕಟ್ಟಡಗಳ ಹೊರದೀಪಗಳನ್ನು ಮುಟ್ಟುವ ನಿಯಮ ಒಂದಿದೆ, ಅದು ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ. ಆದರೆ ಅದು ಬಂದದ್ದು ವಿದ್ಯುತ್ ಉಳಿಸುವುದಕ್ಕೆ, ಅದರ ಲೆಕ್ಕವೆಲ್ಲ ವ್ಯಾಟ್‌ಗಳಲ್ಲಿ. ದೊಡ್ಡ ಹೊರೆಯ ಕಟ್ಟಡಗಳಿಗಷ್ಟೇ ಅನ್ವಯ. ಹಳೆಯ ಬಲ್ಬಿನ ಕಾಲದಲ್ಲಿ ವ್ಯಾಟ್ ಹಿಡಿದರೆ ಬೆಳಕೂ ಹಿಡಿತಕ್ಕೆ ಬರುತ್ತಿತ್ತು, ಏಕೆಂದರೆ ಹೆಚ್ಚು ಬೆಳಕು ಬೇಕಾದವನು ಹೆಚ್ಚು ಬಿಲ್ಲು ಕಟ್ಟಬೇಕಿತ್ತು. ಎಲ್‌ಇಡಿ ಬಂದ ಮೇಲೆ ಆ ಲಗಾಮು ಕಳಚಿಹೋಯಿತು. ಅದೇ ವಿದ್ಯುತ್ತಿಗೆ ಹಳೆಯ ಬಲ್ಬಿನ ಎಷ್ಟೋ ಪಟ್ಟು ಬೆಳಕು ಸಿಗುವಾಗ, ಗೋಡೆಯಿಡೀ ಹೊಳೆಯಿಸಿದರೂ ತಿಂಗಳ ಬಿಲ್ಲಿನಲ್ಲಿ ಅದು ಎದ್ದು ಕಾಣುವುದಿಲ್ಲ. ಆದ್ದರಿಂದ ಇನ್ನು ಮುಂದೆ ಮಿತಿ ಹಾಕಬೇಕಾದದ್ದು ವ್ಯಾಟಿಗಲ್ಲ, ಕಣ್ಣಿಗೆ ತಲುಪುವ ಬೆಳಕಿಗೆ.

ಅದನ್ನು ಅಳೆಯುವುದು ಹೇಗೆ ಎಂದು ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಸಿಐಇ ಎಂದು ಕರೆಯುವ ಅಂತರರಾಷ್ಟ್ರೀಯ ಪ್ರದೀಪನ ಆಯೋಗವು 2003ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿಯಲ್ಲಿ ಊರನ್ನು ಬೆಳಕಿನ ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೂ ಅಂಕಿ ಕೊಟ್ಟಿದೆ. ಕಟ್ಟಡದ ಮುಂಗೋಡೆಯ ಸರಾಸರಿ ಹೊಳಪು ವಸತಿ ಬಡಾವಣೆಗಳಂಥ ಪ್ರದೇಶದಲ್ಲಿ ಚದರ ಮೀಟರಿಗೆ 10 ಕ್ಯಾಂಡೆಲಾ (ಗೋಡೆಯಿಂದ ಕಣ್ಣಿನತ್ತ ಬರುವ ಬೆಳಕಿನ ಅಳತೆ ಇದು), ಪೇಟೆಯ ನಡುಭಾಗದಲ್ಲಿ 25 ಕ್ಯಾಂಡೆಲಾ ಮೀರಬಾರದು. ಮನೆಯ ಕಿಟಕಿಯ ಮೇಲೆ ಬೀಳುವ ಹೊರಗಿನ ಬೆಳಕು ಬಡಾವಣೆಯಲ್ಲಿ ಸಂಜೆಯ ಹೊತ್ತು 10 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಒಳಗಿರಬೇಕು, ತಡರಾತ್ರಿ ದೀಪ ತಗ್ಗಿಸಲು ಗೊತ್ತುಪಡಿಸಿದ ಗಂಟೆಯ ನಂತರ 2 ಲಕ್ಸ್‌ಗೆ ಇಳಿಯಬೇಕು. ಪೇಟೆಯ ನಡುವೆ ಅದು 25 ಮತ್ತು 5. ಅಂದಾಜಿಗೆ ಹೇಳುವುದಾದರೆ ಹುಣ್ಣಿಮೆಯ ಬೆಳದಿಂಗಳು 0.3 ಲಕ್ಸ್ ದಾಟುವುದು ಅಪರೂಪ. ಇನ್ನು ಎಲ್‌ಇಡಿ ಪರದೆಗಳ ಕಥೆಯೇ ಬೇರೆ. ಒಂದು ಲಕ್ಷ ಲಕ್ಸ್‌ನ ಮಧ್ಯಾಹ್ನದ ಬಿಸಿಲಿನಲ್ಲೂ ಚಿತ್ರ ಕಾಣಲೆಂದು ಹೊರಾಂಗಣ ಪರದೆಗಳನ್ನು ಚದರ ಮೀಟರಿಗೆ 5000 ಕ್ಯಾಂಡೆಲಾ, ಅದಕ್ಕೂ ಮೇಲ್ಪಟ್ಟ ಹೊಳಪಿಗೆ ತಯಾರಿಸುತ್ತಾರೆ. ಕತ್ತಲಾದ ಮೇಲೆ ಅದರ ಹತ್ತನೆಯ ಒಂದು ಪಾಲೂ ಹೆಚ್ಚೇ. ಹೊರಗಿನ ಬೆಳಕು ನೋಡಿಕೊಂಡು ತಾನಾಗಿ ತಗ್ಗುವ ಸೆನ್ಸರ್ ಅಂಥ ಪರದೆಗಳಿಗೆ ಜೋಡಿಸಬಹುದು. ಜೋಡಿಸದೆ, ಅಥವಾ ಜೋಡಿಸಿದ್ದನ್ನು ಆಫ್ ಮಾಡಿ, ನಡುಹಗಲಿನ ಹೊಳಪನ್ನೇ ನಡುರಾತ್ರಿಗೂ ಬಿಡುವುದರಿಂದ ಈ ಅವಸ್ಥೆ.

ಸರಾಸರಿ ಹೊಳಪಿನ ಅಂಕಿಯನ್ನಷ್ಟೇ ನಂಬಿಕೊಂಡರೂ ಸಾಲದು ಎಂಬುದನ್ನು ಇಲ್ಲಿ ಹೇಳಬೇಕು. ಗೋಡೆಯ ಬಹುಭಾಗ ಕಪ್ಪಾಗಿದ್ದು ನಡುನಡುವೆ ಸೂಜಿಮೊನೆಯಂಥ ಎಲ್‌ಇಡಿ ಚುಕ್ಕೆಗಳಿದ್ದರೆ ಸರಾಸರಿ ಕಡಿಮೆಯೇ ಬರುತ್ತದೆ, ಕಣ್ಣು ಚುಚ್ಚುವುದು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಬೆತ್ತಲೆ ಎಲ್‌ಇಡಿ ನೇರ ಕಣ್ಣಿಗೆ ಬೀಳದಂತೆ ಹಾಲುಬಣ್ಣದ ಮುಚ್ಚಳವೋ ಅಡ್ಡತಗಡೋ ಇರಬೇಕು, ಫೋಕಸ್ ಲೈಟುಗಳು ಗೋಡೆಯ ಅಂಚು ದಾಟಿ ಆಕಾಶಕ್ಕೂ ಪಕ್ಕದ ಮನೆಗೂ ಚೆಲ್ಲದಂತಿರಬೇಕು ಎಂಬ ಷರತ್ತೂ ಉಪವಿಧಿಯಲ್ಲಿ ಸೇರಬೇಕು.

ವರ್ತಕರ ವಿರೋಧಕ್ಕೆ ಹೆದರಿ ಪಾಲಿಕೆ ಹಿಂಜರಿಯಬಹುದು ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಹಾಗಿಲ್ಲ. ನಮ್ಮ ರಸ್ತೆಯಲ್ಲೇ ಬಟ್ಟೆ ಅಂಗಡಿ ಇಟ್ಟಿರುವ, ನನ್ನ ಪಾಠ ಕೇಳಿದ್ದ ಹುಡುಗನೊಬ್ಬನ ಹತ್ತಿರ ಈ ಮಾತು ತೆಗೆದೆ. ಅವನು ಅಂಗಡಿಯ ಒಳಗೆ ಕರೆದುಕೊಂಡು ಹೋಗಿ, ಮೀಟರ್ ಬೋರ್ಡಿನ ಪಕ್ಕ ಗೋಡೆಗೆ ಹೊಡೆದಿದ್ದ ಪುಟ್ಟ ಡಬ್ಬಿಯೊಂದನ್ನು ತೋರಿಸಿದ. ಹೊರಗಿನ ಅಷ್ಟೂ ದೀಪಗಳ ಕಂಟ್ರೋಲರ್ ಅದು. ರಿಮೋಟಿನ ಒಂದು ಗುಂಡಿ ನಾಲ್ಕು ಸಲ ಒತ್ತಿ, ‘ಈಗ ಹೊರಗೆ ಹೋಗಿ ನೋಡಿ ಮೇಷ್ಟ್ರೇ’ ಎಂದ. ರಸ್ತೆಗೆ ಬಂದು ನೋಡಿದರೆ ಅಂಗಡಿಯ ಹೆಸರು ಮೊದಲಿಗಿಂತ ಸ್ಪಷ್ಟವಾಗಿ ಓದಿಸುತ್ತಿತ್ತು, ಅಕ್ಷರಗಳ ಸುತ್ತ ಹಬ್ಬಿದ್ದ ಹೊಳಪಿನ ಮಂಜು ಹೋಗಿತ್ತು. ಹಾಗಾದರೆ ಹೀಗೇ ಬಿಡಬಾರದೇ ಎಂದಾಗ ಅವನು ಹೇಳಿದ್ದು ಇಷ್ಟು: ‘ಪಕ್ಕದವರು ತಗ್ಗಿಸಿದ ದಿನ ನಾನೂ ತಗ್ಗಿಸ್ತೀನಿ. ನಾನೊಬ್ಬನೇ ತಗ್ಗಿಸಿದ್ರೆ ಅಂಗಡಿ ಬಾಗಿಲು ಹಾಕಿದೆ ಅಂದ್ಕೊಂಡು ಗಿರಾಕಿ ಮುಂದೆ ಹೋಗ್ತಾನೆ.’ ಈ ಮಾತಿನಲ್ಲಿ ಇಡೀ ಸಮಸ್ಯೆಯ ಬೇರು ಇದೆ ಎಂದು ನನಗೆ ಅನ್ನಿಸಿತು. ಇವನು ಹೆಚ್ಚಿಸಿದನೆಂದು ಅವನು, ಅವನು ಹೆಚ್ಚಿಸಿದನೆಂದು ಇವನು ಹೀಗೆ ಮೇಲಾಟಕ್ಕೆ ಬಿದ್ದವರಲ್ಲಿ ಯಾರೊಬ್ಬರೂ ತಾವಾಗಿ ಹಿಂದೆ ಸರಿಯಲಾರರು. ಎಲ್ಲರಿಗೂ ಒಂದೇ ಮಿತಿ ಎಂದು ಹೊರಗಿನಿಂದ ಒಬ್ಬರು ಹೇಳಿದರೆ, ಯಾರ ವ್ಯಾಪಾರಕ್ಕೂ ಊನ ಬಾರದೆ ಎಲ್ಲರೂ ಒಂದೇ ರಾತ್ರಿಯಲ್ಲಿ ಇಳಿಯಬಹುದು. ಅದಕ್ಕೆ ಹೊಸ ದೀಪ ಕೊಳ್ಳಬೇಕಾಗಿಲ್ಲ, ಗೋಡೆ ಒಡೆಯಬೇಕಾಗಿಲ್ಲ.

ರಸ್ತೆಯ ಸುರಕ್ಷತೆಯ ದೃಷ್ಟಿಯಿಂದಲೂ ಇದು ತಡಮಾಡುವ ವಿಷಯವಲ್ಲ. ಸಿಗ್ನಲ್ ಇರುವ ವೃತ್ತಗಳ ಹಿಂಬದಿಯ ಗೋಡೆಯಲ್ಲಿ ಕೆಂಪು, ಹಸಿರು ದೀಪಗಳು ಓಡಾಡುತ್ತಿದ್ದರೆ ಸ್ಕೂಟರಿನಲ್ಲಿ ಬರುವವನಿಗೆ ನಿಜವಾದ ಸಿಗ್ನಲ್ ಯಾವುದೆಂದು ಅರೆಕ್ಷಣ ತಬ್ಬಿಬ್ಬಾಗುತ್ತದೆ. ಬೆಳಗುವ ಗೋಡೆ ದಾಟಿದ ಕೂಡಲೇ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮುನ್ನ ಸಿಗುವ ರಸ್ತೆಯುಬ್ಬು, ಹಸು, ಪಾದಚಾರಿ ಯಾವುದೂ ಕಾಣುವುದಿಲ್ಲ. ಸಂಚಾರ ಚಿಹ್ನೆಯನ್ನು ಮರೆಮಾಡುವ, ಅದನ್ನೇ ಹೋಲುವ ಅಥವಾ ಚಾಲಕರ ಗಮನ ಸೆಳೆಯುವ ಫಲಕ, ಜಾಹೀರಾತುಗಳನ್ನು ತೆಗೆಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 116ನೇ ಕಲಮು ಪೊಲೀಸರಿಗೆ ಕೊಟ್ಟಿದೆ. ಉಪವಿಧಿ ಬರುವವರೆಗೆ ಕಾಯದೆ ಕನಿಷ್ಠ ವೃತ್ತಗಳಲ್ಲಾದರೂ ಆ ಅಧಿಕಾರ ಬಳಸಲಿ.

ಹಕ್ಕಿಗಳ, ಹುಳುಗಳ ಮಾತನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತೇನೆ: ಮುಂಗಾರಿನ ಮೊದಲ ಮಳೆಯ ಮಾರನೆಯ ಬೆಳಿಗ್ಗೆ ಆ ಸಂಕೀರ್ಣದ ಮುಂದೆ ಕಸ ಗುಡಿಸುವ ಹೆಣ್ಣುಮಗಳು ರೆಕ್ಕೆ ಕಳಚಿದ ಗೆದ್ದಲು ಹುಳುಗಳನ್ನು ಮೊರಗಟ್ಟಲೆ ಬಾಚುವುದನ್ನೂ, ಎದುರಿನ ಮಳೆಮರದಲ್ಲಿ ಕಾಗೆಗಳು ನಡುರಾತ್ರಿ ಹಗಲೆಂದು ಕೂಗಾಡುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಕಾರಂಜಿ ಕೆರೆ, ಕುಕ್ಕರಹಳ್ಳಿ ಕೆರೆ, ಚಾಮುಂಡಿ ಬೆಟ್ಟದ ತಪ್ಪಲಿನ ಸುತ್ತಮುತ್ತ ಬಡಾವಣೆಗಳಿಗಿಂತಲೂ ಕಡಿಮೆ ಮಿತಿ ಇರಬೇಕೆಂದು ಕೇಳುವುದು ಇದೇ ಕಾರಣಕ್ಕೆ. ಆಕಾಶದ ಮಾತು ಬೇರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾರ್ತಿಕ ಮಾಸದ ಸಂಜೆ ಮನೆಯ ತಾರಸಿಯಿಂದಲೇ ಮಕ್ಕಳಿಗೆ ಕೃತ್ತಿಕೆಯ ಆರು ನಕ್ಷತ್ರಗಳನ್ನು ಎಣಿಸಿ ತೋರಿಸುತ್ತಿದ್ದೆ. ಈಗ ಅದೇ ತಾರಸಿಯಲ್ಲಿ ಸಪ್ತರ್ಷಿಗಳ ನಡುವೆ ವಸಿಷ್ಠನನ್ನು ತೋರಿಸಬಹುದು, ಪಕ್ಕದ ಅರುಂಧತಿಯನ್ನು ಮಾತ್ರ ಇದ್ದಾಳೆ ಎಂದು ನಂಬಿಸಬೇಕಾಗಿದೆ.

ಹಾಗಾದರೆ ಹಬ್ಬಗಳ ಗತಿಯೇನು ಎಂದು ಕೇಳುವವರಿದ್ದಾರೆ. ಶಬ್ದದ ನಿಯಮಗಳೇ ಇದಕ್ಕೆ ದಾರಿ ತೋರಿಸಿವೆ: ಹಬ್ಬ ಹರಿದಿನಗಳಿಗೆಂದು ವರ್ಷಕ್ಕೆ ಹೆಚ್ಚೆಂದರೆ 15 ದಿನ, ರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಬೆಳಕಿಗೂ ಹಾಗೆಯೇ ದಸರಾ, ದೀಪಾವಳಿಯ ದಿನಗಳನ್ನು ಬಿಟ್ಟುಕೊಡಲಿ. ಉಳಿದ ದಿನಗಳಲ್ಲಿ ಅಂಗಡಿ ಮುಚ್ಚಿದ ಒಂದು ಗಂಟೆಯೊಳಗೆ, ಎಷ್ಟೇ ತಡವಾದರೂ ಹನ್ನೊಂದು ಗಂಟೆಗೆ, ಅಲಂಕಾರದ ದೀಪ ಆರಲಿ. ಅಂಗಡಿಯ ದೀಪ ಆರಿಸು ಎನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ, ಅದು ಅಶುಭ ಎಂಬ ಭಾವನೆ ಇದೆ ಎಂಬುದನ್ನು ಬಲ್ಲೆ. ದೇವರ ಮುಂದೊಂದು ದೀಪ, ಬಾಗಿಲ ಬಳಿ ಕಾವಲಿಗೊಂದು ದೀಪ ಇರುಳೆಲ್ಲ ಇರಲು ಯಾರ ಅಡ್ಡಿಯೂ ಇಲ್ಲ. ಫ್ರಾನ್ಸ್‌ನಲ್ಲಿ 2013ರ ಜುಲೈಯಿಂದ ಕಟ್ಟಡಗಳ ಮುಂಭಾಗದ ದೀಪಗಳು ರಾತ್ರಿ ಒಂದು ಗಂಟೆಯೊಳಗೆ ಆರಬೇಕೆಂಬ ನಿಯಮವಿದೆ. ದಕ್ಷಿಣ ಕೊರಿಯಾ ಅದೇ ವರ್ಷದಿಂದ ಬೆಳಕಿನ ಮಾಲಿನ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಜಾರಿಗೆ ತಂದು, ಊರನ್ನು ನಾಲ್ಕು ಬೆಳಕಿನ ವಲಯಗಳಾಗಿ ವಿಂಗಡಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿದೆ. ವ್ಯಾಪಾರದಲ್ಲಿ ಆ ದೇಶಗಳು ನಮಗಿಂತ ಹಿಂದೆ ಬಿದ್ದಿಲ್ಲ.

ಜಾರಿ ಮಾಡುವುದು ಕಷ್ಟ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2024ರ ತಿದ್ದುಪಡಿ ಕಾಯ್ದೆಯ ನಂತರ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇದೆಯೇ ಎಂದು ಅಂಗಡಿ ಅಂಗಡಿಗೆ ಹೋಗಿ ನೋಡುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳು ಮಾಡಿಲ್ಲವೇ? ಫಲಕದ ಅಕ್ಷರ ಅಳೆದವರಿಗೆ ಫಲಕದ ಬೆಳಕು ಅಳೆಯುವುದು ಭಾರವಲ್ಲ. 1976ರ ಪೌರ ನಿಗಮಗಳ ಕಾಯ್ದೆಯಲ್ಲಿ ಉಪವಿಧಿ ರಚಿಸುವ ಅಧಿಕಾರ ಪಾಲಿಕೆಗೂ, ಜಾಹೀರಾತಿಗೆ ಅನುಮತಿ ಕೊಡುವ ಅಧಿಕಾರ ಆಯುಕ್ತರಿಗೂ ಇದೆ. ಗೋಡೆಯ ಹೊಳಪು ಅಳೆಯುವ ಉಪಕರಣ ದುಬಾರಿಯಾದ್ದರಿಂದ ಮೊದಲು ದೂರುದಾರರ ಕಿಟಕಿಯಿಂದಲೇ ಶುರುಮಾಡಬಹುದು: ಅಂಗೈಯಗಲದ ಲಕ್ಸ್ ಮೀಟರನ್ನು ಕಿಟಕಿಯ ಗಾಜಿಗೆ ಹಿಡಿದು, ಅಲಂಕಾರದ ದೀಪ ಉರಿಯುವಾಗ ಒಮ್ಮೆ, ಎರಡು ನಿಮಿಷ ಆರಿಸಿ ಇನ್ನೊಮ್ಮೆ ಓದಿಕೊಂಡರೆ, ಎರಡರ ವ್ಯತ್ಯಾಸವೇ ಆ ಕಟ್ಟಡದ ಪಾಲು. ಬೀದಿದೀಪದ ಬೆಳಕನ್ನು ವರ್ತಕರ ತಲೆಗೆ ಕಟ್ಟಿದಂತೆಯೂ ಆಗುವುದಿಲ್ಲ. ಹೊಸ ಕಟ್ಟಡಗಳಿಗೆ ನಕ್ಷೆಯ ಮಂಜೂರಾತಿಯ ಹೊತ್ತಿನಲ್ಲಿ, ಹಳೆಯವಕ್ಕೆ ಉದ್ದಿಮೆ ಪರವಾನಗಿ ನವೀಕರಣದ ಹೊತ್ತಿನಲ್ಲಿ ಹೊರದೀಪಗಳ ವಿವರ ಬರೆಯಿಸಿಕೊಳ್ಳಲಿ. ತಗ್ಗಿಸಲು ಮೂರು ತಿಂಗಳ ಕಾಲಾವಕಾಶ ಕೊಡಲಿ, ಆಮೇಲೂ ತಗ್ಗಿಸದವರಿಗೆ ಮೊದಲು ತಿಳಿವಳಿಕೆ ಪತ್ರ, ನಂತರ ದಂಡ. ದೇವರಾಜ ಅರಸು ರಸ್ತೆಗೂ ಕುವೆಂಪುನಗರದ ಅಡ್ಡರಸ್ತೆಗೂ ಒಂದೇ ಅಂಕಿ ಹಾಕಬೇಕೆಂದು ಯಾರೂ ಕೇಳುತ್ತಿಲ್ಲ.

ಪಾಲಿಕೆಯು ಕರಡೊಂದನ್ನು ಪ್ರಕಟಿಸಿ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಆಹ್ವಾನಿಸಿದರೆ ಚರ್ಚೆ ಅಲ್ಲಿಂದ ಮುಂದುವರಿಯಬಹುದು. ಅದಕ್ಕೆ ಮುನ್ನ ಯಾವ ಯಾವ ರಸ್ತೆಯಲ್ಲಿ ಈಗ ಎಷ್ಟು ಬೆಳಕಿದೆ ಎಂಬ ಅಳತೆ ಬೇಕಾಗುತ್ತದೆ. ನನ್ನ ಹತ್ತಿರ ಒಂದು ಲಕ್ಸ್ ಮೀಟರ್ ಇದೆ, ಸಂಜೆಯ ಬಿಡುವೂ ಇದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಮಂದಿ ಜೊತೆಗೆ ಬರಲು ಒಪ್ಪಿದ್ದಾರೆ. ವಾರ್ಡಿನ ಅಧಿಕಾರಿಗಳು ಯಾವ ದಿನ ಹೇಳಿದರೂ ಬಂದು, ಅವರ ಎದುರಿನಲ್ಲೇ ಅಳೆದು ಬರೆದುಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಮೈಸೂರು